ಕಿಸೆಯಲ್ಲಿ ಬಂದ ಜಾಲಿ ಸೌಟು

ಸೋಮವಾರ ಬೆಳಿಗ್ಗೆ ಜುಬ್ಬಾ ಒಗೆಯಲು ಹಾಕುವಾಗ ಅದರ ಕಿಸೆಯಲ್ಲಿ ಒಂದು ಜಾಲಿ ಸೌಟು ಸಿಕ್ಕಿತು. ಸೌಟು ಎಂದರೆ ಮದುವೆ ಮನೆಯಲ್ಲಿ ಸಾರು ಬಡಿಸುವಂಥದ್ದಲ್ಲ. ಗೇಣುದ್ದದ ಹಿಡಿಕೆ, ತುದಿಯಲ್ಲಿ ತೆಳು ತಂತಿಯಿಂದ ಹೆಣೆದ, ಒಂದು ನಿಂಬೆಹಣ್ಣು ಕೂರುವಷ್ಟು ಬುಟ್ಟಿ. ಬಲೆಯ ಮೂಲೆಯಲ್ಲಿ ಕೋಸಿನ ಚೂರೊಂದು ಒಣಗಿ ಅಂಟಿಕೊಂಡಿತ್ತು. ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ಚಹಾ ಸೋಸೂದೇನ್ರಿ ಇದು?”

“ಅಲ್ಲ. ಕುದಿಯೂ ಸಾರಿನಾಗಿಂದ ಕಾಯಿಪಲ್ಲೆ ಹಿಡಿಯೂದು.”

“ಹೋಟೆಲ್ಲಿಂದ ಕದ್ದು ತಂದ್ರಿ?”

ಹೌದು ಎಂದರೆ ಸುಳ್ಳು, ಅಲ್ಲ ಎಂದರೂ ಪೂರ್ತಿ ನಿಜವಲ್ಲ. ನಾನು ಅದನ್ನು ಕಸಿದುಕೊಂಡಿದ್ದೆ. ಹೋಟೆಲಿನವರಿಂದಲ್ಲ, ಚಿಗವ್ವನ ಕೈಯಿಂದ. ಕಸಿದು ಕಿಸೆಗೆ ಹಾಕಿಕೊಂಡವನು ಆಮೇಲೆ ಮರೆತು ಮುಂಡಗೋಡದಿಂದ ಹಳಿಯಾಳದವರೆಗೆ ಬಸ್ಸಿನಲ್ಲಿ ಅದರ ಮೇಲೆಯೇ ಕೂತು ಬಂದಿದ್ದೆ. ತೊಡೆಗೆ ಏನೋ ಚುಚ್ಚುತ್ತಿದೆ ಎಂದು ದಾರಿಯುದ್ದಕ್ಕೂ ಬಸ್ಸಿನ ಸೀಟನ್ನು ಬೈದದ್ದು ಈಗ ನೆನಪಾಗುತ್ತದೆ. ಸೀಟಿನ ಕ್ಷಮೆ ಕೇಳಬೇಕು.

ಚಿಗವ್ವ ನನ್ನ ಕಾಕಾನ ಹೆಂಡತಿ. ವಯಸ್ಸು ಎಪ್ಪತ್ತೊಂದೋ ಎಪ್ಪತ್ತಮೂರೋ. ಕೇಳಿದರೆ “ದೊಡ್ಡ ಮಳಿ ಬಂದ ವರ್ಷ ಹುಟ್ಟಿದಾಕಿ ನಾ” ಎನ್ನುತ್ತಾಳೆ. ಯಾವ ದೊಡ್ಡ ಮಳೆ ಎಂದು ಈಗ ಹೇಳುವವರು ಯಾರೂ ಇಲ್ಲ. ಇಂಥವಳ ಬಗ್ಗೆ ಬರೆಯಲು ಕೂತರೆ ಕೈ ತಾನಾಗಿಯೇ ಹೊಗೆ ತುಂಬಿದ ಅಡಿಗೆಮನೆ, ಬೆಳಗಿನ ಬೀಸುಕಲ್ಲು, ಬಳೆಯ ಸದ್ದು ಎಂದೆಲ್ಲ ಶುರು ಮಾಡುತ್ತದೆ. ಬೀಸುಕಲ್ಲಿನ ಸದ್ದು ನಾನು ನಿಜವಾಗಿ ಕೇಳಿದ್ದೆನೋ, ಯಾರೋ ಬರೆದದ್ದನ್ನು ಓದಿ ಕೇಳಿದೆನೆಂದುಕೊಂಡೆನೋ ಗೊತ್ತಿಲ್ಲ. ನಮ್ಮೂರಿಗೆ ಆಗಲೇ ಹಿಟ್ಟಿನ ಗಿರಣಿ ಬಂದಿತ್ತು. ಹೀಗಾಗಿ ಬೀಸುಕಲ್ಲನ್ನು ಹೊರಗಿಟ್ಟು ಸೌಟಿನಿಂದಲೇ ಹೋಗುತ್ತೇನೆ. ಅದಾದರೂ ಕೈಯಲ್ಲಿದೆ.

ಮುಂಡಗೋಡಕ್ಕೆ ಹೋದವರಿಗೆ ಗೊತ್ತು: ಊರು ದಾಟಿ ಗದ್ದೆಗಳ ನಡುವೆ ಸ್ವಲ್ಪ ಹೋದರೆ ಟಿಬೆಟಿನವರ ಕ್ಯಾಂಪು. ಅಲ್ಲಿ ಕೆಂಪು ಬಟ್ಟೆಯ ಲಾಮಾಗಳು ಬೈಕಿನ ಮೇಲೆ ಹೋಗುತ್ತಿರುತ್ತಾರೆ. ಆರು ಟೇಬಲ್ಲಿನ, ಎಂಟು ಟೇಬಲ್ಲಿನ ಸಣ್ಣ ಹೋಟೆಲುಗಳಿವೆ. ಅಂಥದ್ದೊಂದರಲ್ಲಿ ಹಾಟ್‌ಪಾಟ್ ಎಂಬುದನ್ನು ನಾನು ಮೊದಲು ಕಂಡದ್ದು ದಾಂಡೇಲಿಯ ಗೆಳೆಯ ರಫೀಕನ ಜೊತೆ. ಲಾರಿ ಮೆಕ್ಯಾನಿಕ್ಕು ಆತ; ಯಾವುದೋ ಗೇರ್‌ಬಾಕ್ಸ್ ನೋಡಲು ಬಂದಿದ್ದ, ನಾನು ಸುಮ್ಮನೆ ಜೊತೆಗೆ ಹೋಗಿದ್ದೆ. ಅಲ್ಲಿಯವರೆಗೆ ಚೈನೀಸ್ ಊಟವೆಂದರೆ ನಮಗೆ ಹಳಿಯಾಳದ ಬಸ್ ಸ್ಟ್ಯಾಂಡಿನ ಹತ್ತಿರ ಸಂಜೆ ನಿಲ್ಲುವ ಕೆಂಪು ಗಾಡಿ. ಅದರ ಮೇಲೆ ಡ್ರ್ಯಾಗನ್ ಎಂದುಕೊಂಡು ಪೇಂಟರು ಬರೆದ ಹಲ್ಲಿ. ಒಳಗೆ ಗೋಬಿ ಮಂಚೂರಿ. ಚೀನಾದ ಜನ ದಿನಾ ಮೂರು ಹೊತ್ತು ಗೋಬಿ ತಿಂದು ಬದುಕಿದ್ದಾರೆ ಎಂಬುದು ನನ್ನ ಖಚಿತ ನಂಬಿಕೆಯಾಗಿತ್ತು.

ರಫೀಕ ಮತ್ತು ನಾನು ಕೂತ ಟೇಬಲ್ಲಿಗೆ ಹೋಟೆಲಿನಾಕೆ ಒಂದು ಪುಟ್ಟ ಗ್ಯಾಸ್ ಒಲೆ ತಂದಿಟ್ಟಳು. ಒಲೆಯ ಮೇಲೆ ಅಗಲ ಪಾತ್ರೆ, ಪಾತ್ರೆಯಲ್ಲಿ ತಿಳಿಸಾರು. ಸುತ್ತ ತಟ್ಟೆಗಳಲ್ಲಿ ಕೋಸು, ಹಸಿರು ಸೊಪ್ಪು, ಅಣಬೆ, ಸೋಯಾ ಪನೀರು, ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಗಾಜಿನ ಹಾಗೆ ಹೊಳೆಯುವ ಶ್ಯಾವಿಗೆ. ಎಲ್ಲ ಹಸಿ. ಇಟ್ಟು ಹೋಗಿಬಿಟ್ಟಳು. ನಾವು ಐದು ನಿಮಿಷ ಕಾದೆವು, ಯಾರೋ ಬಂದು ಅಡಿಗೆ ಮಾಡುತ್ತಾರೆಂದು. ರಫೀಕ ಕೊನೆಗೆ ಹೇಳಿದ: “ಇದು ಹೆಂಗಾತಂದ್ರ, ಗ್ಯಾರೇಜಿಗೆ ಗಾಡಿ ತಂದಾಂವಗ ನಾ ಪಾನಾ ಕೈಯಾಗ ಕೊಟ್ಟು, ‘ತಗೋರಿ ಸಾಹೇಬ್ರ, ಬಿಚ್ಚ್ಕೋರಿ’ ಅಂದಂಗಾತು.”

ಮಾಂಸ ಎಲ್ಲಿಯದೋ ಏನೋ ಎಂದು ಆತ ಅಂದು ಸಸ್ಯಾಹಾರಿಯಾಗಿದ್ದ, ನಾನು ಹುಟ್ಟಿನಿಂದಲೇ. ಇಬ್ಬರೂ ಒಂದೇ ಪಾತ್ರೆಯಲ್ಲಿ ಸೊಪ್ಪು ಮುಳುಗಿಸಿ, ಕಳೆದುಕೊಂಡು, ಹುಡುಕಿ ತಿಂದೆವು. ಒಬ್ಬನ ಅಣಬೆ ಇನ್ನೊಬ್ಬನ ಸೌಟಿಗೆ ಬೀಳುತ್ತಿತ್ತು. ಚಾಪ್‌ಸ್ಟಿಕ್ಕು ಎಂಬ ಕಡ್ಡಿಗಳಲ್ಲಿ ನಾನು ಎತ್ತಿದ ಒಂದೇ ಒಂದು ಪದಾರ್ಥವೆಂದರೆ ಇನ್ನೊಂದು ಕಡ್ಡಿ. ಆದರೆ ಆ ಊಟ ನನ್ನ ತಲೆಯಲ್ಲಿ ಉಳಿಯಿತು. ಅಡಿಗೆಮನೆಯೇ ಇಲ್ಲದ ಊಟ. ಮಾಡುವವರು ಒಳಗೆ, ಉಣ್ಣುವವರು ಹೊರಗೆ ಎಂಬ ಗೋಡೆ ಇಲ್ಲ. ಇದು ಬಹಳ ದೊಡ್ಡ ವಿಚಾರ ಎಂದು ಅನ್ನಿಸಿತು. ದೊಡ್ಡ ವಿಚಾರಗಳು ನನಗೆ ಸಾಮಾನ್ಯವಾಗಿ ಹೊಟ್ಟೆ ತುಂಬಿದ ಮೇಲೆ ಬರುತ್ತವೆ, ಮತ್ತು ಮುಂದೊಂದು ದಿನ ನನ್ನನ್ನು ತೊಂದರೆಗೆ ಸಿಕ್ಕಿಸುತ್ತವೆ.

ಈಗ ಕಾಕಾನ ಮನೆಗೆ ಬರಬೇಕು. ಅಪ್ಪನಿಗೆ ದಾಂಡೇಲಿಯಲ್ಲಿ ಕೆಲಸ. ಅವ್ವನಿಗೆ ಬಹಳ ದಿನ ಮೈಯಲ್ಲಿ ಆರಾಮ ಇರಲಿಲ್ಲವೆಂದು ನನ್ನನ್ನು ಹಳಿಯಾಳದ ಹತ್ತಿರದ ಹಳ್ಳಿಯಲ್ಲಿ, ಕಾಕಾನ ಮನೆಯಲ್ಲಿ ಬಿಟ್ಟಿದ್ದರು. ಮೂರು ವರ್ಷ ಅಲ್ಲಿದ್ದೆ. ಚಿಗವ್ವನ ಮಗಳು ಶೈಲಾಳ ಪ್ರಕಾರ ಒಂದೇ ವರ್ಷ. ಆಗ ಆಕೆ ತೊಟ್ಟಿಲಲ್ಲಿದ್ದಳು, ಆದರೂ ನನಗಿಂತ ಖಚಿತವಾಗಿ ಹೇಳುತ್ತಾಳೆ. ಶಾಲೆಯ ಟೀಚರು.

ಆ ಮನೆಯಲ್ಲಿ ಊಟವೆಂದರೆ ಬಿಸಿರೊಟ್ಟಿ. ಬುಟ್ಟಿಯಲ್ಲಿ ಮಾಡಿಟ್ಟ ರೊಟ್ಟಿಯನ್ನು ಕಾಕಾ ಮುಟ್ಟುತ್ತಿರಲಿಲ್ಲ. ಹಂಚಿನಿಂದ ಎದ್ದ ರೊಟ್ಟಿ ನೇರ ತಾಟಿಗೆ ಬೀಳಬೇಕು. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅಜ್ಜಿ ಮತ್ತು ಉಳಿದ ಹೆಂಗಸರು. ಚಿಗವ್ವ ಈ ಎಲ್ಲ ಸಾಲುಗಳಿಗೂ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳ ಬೆನ್ನು ನನಗೆ ಚೆನ್ನಾಗಿ ನೆನಪಿದೆ. ಮುಖವನ್ನು ಈಗಿನ ಮುಖದಿಂದ ಕಡ ತಂದು ಅಲ್ಲಿ ಅಂಟಿಸಿಕೊಳ್ಳಬೇಕಾಗುತ್ತದೆ.

ಇದರ ಜೊತೆ ನನ್ನ ಹತ್ತಿರ ಒಂದು ನೆನಪಿದೆ. ಇತ್ತು ಎನ್ನಬೇಕು. ಎಲ್ಲರ ಊಟ ಮುಗಿದು ಮನೆ ಸುಮ್ಮನಾದ ಮೇಲೆ ನಾನು ಮೆಲ್ಲಗೆ ಅಡಿಗೆಮನೆಗೆ ಹೋಗುತ್ತಿದ್ದೆ. ಚಿಗವ್ವ ಒಬ್ಬಳೇ ಇರುತ್ತಿದ್ದಳು. ಕೊನೆಯ ರೊಟ್ಟಿ, ತಳದಲ್ಲಿ ಉಳಿದ ಪುಂಡಿಪಲ್ಯ, ಒಂದಿಷ್ಟು ಶೇಂಗಾ ಹಿಂಡಿ. ನಾವಿಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಪಾಪ, ಒಬ್ಬಳೇ ಉಣ್ಣುತ್ತಾಳಲ್ಲ ಎಂದು ಏಳು ವರ್ಷದ ನಾನು ಅವಳಿಗೆ ಜೊತೆ ಕೊಡುತ್ತಿದ್ದೆ. ಈ ನೆನಪನ್ನು ನಾನು ಮದುವೆಯ ಪಂಕ್ತಿಗಳಲ್ಲಿ ಹೇಳಿದ್ದೇನೆ. ಒಮ್ಮೆ ಬರೆದೂ ಇದ್ದೇನೆ. ಹೇಳಿದಾಗೆಲ್ಲ ಹೆಂಗಸರ ಕಣ್ಣು ತುಸು ಒದ್ದೆಯಾಗುತ್ತಿತ್ತು, ನಾನು ತಲೆ ತಗ್ಗಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಬೇರೆಯವರ ಇಂಥ ನೆನಪುಗಳನ್ನು ಕಂಡರೆ ನನಗೆ ಸಂಶಯ. ಇಷ್ಟು ದುಂಡಗಿರುವುದು ನೆನಪಲ್ಲ, ಬಡಿದು ಮಾಡಿದ ರೊಟ್ಟಿ ಎನ್ನುತ್ತೇನೆ. ನನ್ನದಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದೆ.

ಕಾಕಾ ತೀರಿಕೊಂಡ ಮೇಲೆ ಶೈಲಾ ಚಿಗವ್ವನನ್ನು ಮುಂಡಗೋಡದ ತನ್ನ ಮನೆಗೆ ಕರೆದುಕೊಂಡು ಬಂದಳು. ಕಳೆದ ತಿಂಗಳು ಅವಳ ಫೋನು ಬಂತು.

“ಅಣ್ಣ, ಅವ್ವ ಮತ್ತ ಬಿದ್ದಳು. ಅಡಿಗಿಮನ್ಯಾಗ. ಈ ಸಲ ಹಣಿಗೆ ಹತ್ತೇತಿ.”

ಸಕ್ಕರೆ ಕಾಯಿಲೆ. ಗುಳಿಗೆ ನುಂಗಿದ ಮೇಲೆ ಅರ್ಧ ತಾಸಿನೊಳಗೆ ಉಣ್ಣಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ತಲೆ ತಿರುಗುತ್ತದೆ, ಬಿದ್ದ ಮನುಷ್ಯ ಏಳದೆಯೂ ಇರಬಹುದು ಎಂದು ಡಾಕ್ಟರು ಎರಡು ಸಲ ಹೇಳಿದ್ದಾರೆ. ಚಿಗವ್ವ ಗುಳಿಗೆಯನ್ನು ಗಡಿಯಾರ ನೋಡಿ ನುಂಗುತ್ತಾಳೆ. ಉಣ್ಣುವುದು ಮಾತ್ರ ಎಲ್ಲರದೂ ಆದ ಮೇಲೆ. ಶೈಲಾಳ ಗಂಡನ ಊಟ ಒಂದು ಗಂಟೆಗೆ, ಮಗ ಕಾಲೇಜಿನಿಂದ ಬರುವುದು ಎರಡೂವರೆಗೆ. ಅವನಿಗೂ ಬಿಸಿ ರೊಟ್ಟಿ ಬಡಿದು, ಆಮೇಲೆ.

“ನೀ ಮಾಡಬ್ಯಾಡ, ನಾ ಮಾಡಿಟ್ಟು ಸಾಲಿಗೆ ಹೋಗ್ತೇನಿ ಅಂದ್ರ ಕೇಳಂಗಿಲ್ಲ,” ಎಂದಳು ಶೈಲಾ. “ಜೊತಿಗೆ ಕೂತು ಉಣ್ಣು ಅಂದ್ರ, ‘ಆತು ಉಣ್ತೇನಿ, ನೀವು ಸುರು ಹಚ್ಚರಿ ಮೊದ್ಲ’ ಅಂತಾಳ. ನಾ ಬೈದೆ, ಅತ್ತು ಕರದೆ, ಎಲ್ಲಾ ಮಾಡಿದೆ. ನೀ ಬಾ. ನಿನ್ನ ಮಾತು ಕೇಳ್ತಾಳ. ಸಣ್ಣಾಂವ ಇದ್ದಾಗ ಆಕಿ ಜೋಡಿ ಕೂತು ಉಣ್ತಿದ್ದಿ ಅಂತ ನೀನ ಹೇಳ್ತಿಯಲ್ಲ.”

ಆಗ ನನಗೆ ಹಾಟ್‌ಪಾಟ್ ಹೊಳೆಯಿತು. ಅಡಿಗೆಮನೆಯೇ ಇಲ್ಲದ ಊಟ. ಅಲ್ಲಿ ಒಳಗೆ ಹೋಗಿ ಕೂರಲು ಒಳಗೇ ಇಲ್ಲ. ಎಲ್ಲರೂ ಒಟ್ಟಿಗೆ ಬೇಯಿಸಬೇಕು, ಒಟ್ಟಿಗೆ ತಿನ್ನಬೇಕು. ಒಂದು ಸಲ ಕೂತು ಉಂಡರೆ ಅಭ್ಯಾಸದ ಬೇರು ಅಲುಗಾಡೀತು. ನನ್ನ ಜಾಣತನಕ್ಕೆ ನಾನೇ ಬೆರಗಾಗಿ ರವಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಹೊರಟೆ.

ಇಲ್ಲಿ ಮಳೆ ಬರುತ್ತಿತ್ತು ಎಂದು ಬರೆಯಲು ಕೈ ತುರಿಸುತ್ತಿದೆ. ಬಿಸಿ ಸಾರಿಗೆ ಮಳೆ ಚೆನ್ನಾಗಿ ಹೊಂದುತ್ತದೆ. ಆದರೆ ಅಂದು ಸಾದಾ ಬಿಸಿಲು.

ಹೋಟೆಲಿನಾಕೆಯ ಹೆಸರು ಡೋಲ್ಮಾ. ಐವತ್ತರ ಆಸುಪಾಸು, ಕ್ಯಾಂಪಿನಲ್ಲೇ ಹುಟ್ಟಿದವಳು. ಅವಳ ಕನ್ನಡ ನನ್ನದಕ್ಕಿಂತ ಹೆಚ್ಚು ಮುಂಡಗೋಡದ್ದು.

“ಬರ್ರಿ ಅಜ್ಜಿ, ಇಲ್ಲಿ ಕುಂದರ್ರಿ. ಗಾಳಿ ಬರತೈತಿ,” ಎಂದು ಚಿಗವ್ವನಿಗೆ ಫ್ಯಾನಿನ ಕೆಳಗೆ ಕುರ್ಚಿ ಎಳೆದಳು. ಚಿಗವ್ವ ಕುರ್ಚಿಯ ತುದಿಯಲ್ಲಿ, ಯಾವ ಕ್ಷಣದಲ್ಲೂ ಏಳಬೇಕಾದವಳಂತೆ ಕೂತಳು. ಕೊರಳಲ್ಲಿನ ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡು ಸುತ್ತ ನೋಡಿದಳು. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಎಳೆಯ ಲಾಮಾಗಳು ಮೊಬೈಲು ನೋಡುತ್ತ ಸುರ್ರೆಂದು ಶ್ಯಾವಿಗೆ ಸುರಿಯುತ್ತಿದ್ದರು.

“ಇವರಿಗೂ ಮನ್ಯಾಗ ಮಾಡಿ ಹಾಕಾವ್ರಿಲ್ಲೇನ?” ಎಂದಳು ಚಿಗವ್ವ.

“ಅವರು ಸನ್ಯಾಸಿಗಳವ್ವ,” ಎಂದಳು ಶೈಲಾ.

“ಮಠದಾಗ ದಾಸೋಹ ಇರಂಗಿಲ್ಲೇನ ಮತ್ತ?”

ಡೋಲ್ಮಾ ನಕ್ಕಳು. “ಇರತೈತ್ರಿ ಅಜ್ಜಿ. ದಿನಾ ಅದನ್ನ ಉಂಡು ಬ್ಯಾಸರಾಗಿ ಇಲ್ಲಿ ಬರ್ತಾವು.”

ಒಲೆ ಬಂತು, ಪಾತ್ರೆ ಬಂತು. ಪಾತ್ರೆಯನ್ನು ಇಡುವ ಮೊದಲು ಡೋಲ್ಮಾ ಅದನ್ನು ಓರೆ ಮಾಡಿ ಚಿಗವ್ವನಿಗೆ ತೋರಿಸಿದಳು. “ಇದರಾಗ ಒಮ್ಮೆನೂ ಮಾಂಸ ಬಿದ್ದಿಲ್ರಿ. ಸೊಪ್ಪು ತಿನ್ನೂ ಲಾಮಾಗಳ ಸಲುವಾಗಿ ಬ್ಯಾರೆ ಇಟ್ಟೇನಿ.”

ನಾನು ಹೊಸ ಶಿಷ್ಯರಿಗೆ ಉಪದೇಶ ಮಾಡುವವನಂತೆ, “ಇದು ಟಿಬೆಟಿನ ಊಟ ಚಿಗವ್ವ,” ಎಂದೆ.

“ಅಲ್ರಿ, ಇದು ಚೀನಾದ್ದು,” ಎಂದಳು ಡೋಲ್ಮಾ. “ನಮ್ಮದರಾಗ ನಡುವ ಒಂದು ಕೊಳವಿ ಇರತೈತಿ, ಅದರಾಗ ಕೆಂಡ ಹಾಕತೇವಿ. ಹಬ್ಬಕ್ಕ ತಗೀತೇವಿ. ಇದು ದಿನದ್ದು.”

“ಚೀನಾದವರ ಊಟ ನೀವು ಮಾರತೀರಿ?” ಎಂದು ನಾನು ಕೇಳಬಾರದ್ದನ್ನು ಕೇಳಿದೆ.

ಅವಳು ಒಲೆಯ ಕಿವಿ ತಿರುವಿ ನೀಲಿ ಉರಿಯನ್ನು ಬಗ್ಗಿ ನೋಡಿದಳು. “ನಮ್ಮವ್ವ ಹೇಳತಿದ್ಲು, ಸಿಟ್ಟು ಮಂದಿ ಮ್ಯಾಲೆ ಇರಬೇಕು, ಸಾರಿನ ಮ್ಯಾಲೆ ಅಲ್ಲ ಅಂತ,” ಎಂದು ಹೇಳಿ ಒಳಗೆ ಹೋದಳು. ಚಿಗವ್ವ ಅವಳು ಹೋದ ಕಡೆಗೇ ಸ್ವಲ್ಪ ಹೊತ್ತು ನೋಡಿದಳು. “ಶ್ಯಾಣ್ಯಾಕಿ ಅದಾಳ,” ಎಂದಳು.

ಸಾರು ಕುದಿಯತೊಡಗಿತು. ಶೈಲಾ ಪರ್ಸಿನಿಂದ ಗುಳಿಗೆ ತೆಗೆದು ಕೊಟ್ಟಳು. ಚಿಗವ್ವ ನುಂಗಿದಳು. ಒಂದು ಗಂಟೆ ಹತ್ತು ನಿಮಿಷ. ಶೈಲಾ ನನ್ನ ಕಡೆ ನೋಡಿದಳು. ಇನ್ನು ನಿನ್ನ ಕೆಲಸ ಎಂಬ ನೋಟ.

“ನೋಡು ಚಿಗವ್ವ,” ಎಂದೆ, “ಇಲ್ಲಿ ಒಬ್ಬರು ಮಾಡಿ ಒಬ್ಬರು ಉಣ್ಣೂದಿಲ್ಲ. ಎಲ್ಲಾರೂ ತಮತಮಗ ಬೇಕಾದ್ದು ಇದರಾಗ ಹಾಕಿ, ಇದರಲೆ ತಗದು ತಿನ್ನೂದು.” ಮೂವರಿಗೂ ಒಂದೊಂದು ಜಾಲಿ ಸೌಟು ಕೊಟ್ಟಿದ್ದರು. ಅವಳದ್ದನ್ನು ಅವಳ ಕೈಗೆ ಕೊಟ್ಟೆ.

ಆ ಸೌಟು ಕೈಗೆ ಬಂದದ್ದೇ ತಡ, ಚಿಗವ್ವ ಬೇರೆ ಹೆಂಗಸೇ ಆದಳು. ತುದಿಯಲ್ಲಿ ಕೂತವಳು ಕುರ್ಚಿ ಸರಿಸಿಕೊಂಡು ಒಲೆಗೆ ನೇರವಾದಳು. ಸೆರಗು ಸೊಂಟಕ್ಕೆ ಹೋಯಿತು. ತಟ್ಟೆಗಳನ್ನು ಒಂದೊಂದಾಗಿ ನೋಡಿ ಬೇಗ ಬೇಯುವುದು ಬಲಕ್ಕೆ, ತಡವಾಗಿ ಬೇಯುವುದು ಎಡಕ್ಕೆ ಎಂದು ವಿಂಗಡಿಸಿದಳು. ನಮ್ಮಿಬ್ಬರ ಸೌಟುಗಳನ್ನೂ ಎತ್ತಿ ತನ್ನ ಬದಿಗಿಟ್ಟುಕೊಂಡಳು. ಮೊದಲ ಅಣಬೆ ನನ್ನ ಬಟ್ಟಲಿಗೆ, ಎರಡನೆಯದು ಶೈಲಾಳದಕ್ಕೆ. ಅದು ಮುಗಿಯುವ ಮೊದಲೇ ಸೊಪ್ಪು.

“ಉಣ್ಣು ಬಸು. ಆರತೈತಿ.”

“ನೀ?”

“ನಂದೇನೈತಿ. ಉಣ್ತೇನಿ. ನೀವು ಹಚ್ಚರಿ.”

ಇಷ್ಟೂ ಮೂರು ನಿಮಿಷದಲ್ಲಿ. ಸಾವಿರಾರು ಮೈಲಿ ದೂರದ ಜನ, ಯಾರೂ ಯಾರಿಗೂ ಬಡಿಸಬಾರದೆಂದು ಕಂಡುಹಿಡಿದ ಊಟವನ್ನು ಚಿಗವ್ವ ನಮ್ಮೂರಿನ ರೊಟ್ಟಿಯ ಒಲೆಯನ್ನಾಗಿ ಮಾಡಿದ್ದಳು. ಪಕ್ಕದ ಟೇಬಲ್ಲಿನ ಒಬ್ಬ ಲಾಮಾ ಸೊಪ್ಪು ಸಿಗದೆ ಪಾತ್ರೆಯಲ್ಲಿ ಕೈಯಾಡಿಸುತ್ತಿದ್ದರೆ, ಇವಳು ಇಲ್ಲಿಂದಲೇ, “ಅದನ್ನ ಅಂಚಿಗೆ ತಗೊಂಡು ಎತ್ತಪಾ,” ಎಂದು ತಿದ್ದಿದಳು. ಆತ ಹಾಗೆ ಮಾಡಿದ, ಸೊಪ್ಪು ಸಿಕ್ಕಿತು. ಕೈಮುಗಿದ.

ಒಂದು ಇಪ್ಪತ್ತು. ಅವಳ ಬಟ್ಟಲು ಒಣಗಿತ್ತು. ಶೈಲಾ ತನ್ನ ಬಟ್ಟಲಿನಿಂದ ಎರಡು ತುಂಡು ಸೋಯಾ ಪನೀರು ಎತ್ತಿ ಅದಕ್ಕೆ ಹಾಕಿದಳು. ಚಿಗವ್ವ ಅದನ್ನು ನನ್ನ ಬಟ್ಟಲಿಗೆ ದಾಟಿಸಿದಳು. ನನಗೆ ಅನುಮಾನ ಬಂತು. ಪಾತ್ರೆಯ ಮೇಲೆ ನಂಬಿಕೆ ಇಲ್ಲವೇನೋ. ಡೋಲ್ಮಾಳನ್ನು ಕರೆದು ಸಾರಿನಲ್ಲಿ ಏನೇನಿದೆ ಎಂದು ಕೇಳಿದೆ. ಅವಳು ಬೆರಳು ಮಡಚಿ ಹೇಳಿದಳು: ಶುಂಠಿ, ಬೆಳ್ಳುಳ್ಳಿ, ಉಪ್ಪು, ಅಣಬೆಯ ನೀರು. ಕೆಂಪು ಮೆಣಸಿನಕಾಯಿ ಚಟ್ನಿಯನ್ನೂ ತಂದಿಟ್ಟು, “ಇದು ನಿಮ್ಮ ರಂಜಕ ಇದ್ದಂಗ್ರಿ ಅಜ್ಜಿ,” ಎಂದಳು. ಚಿಗವ್ವ ಚಟ್ನಿಯನ್ನು ಮೂಸಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ, ನನ್ನ ಬಟ್ಟಲಿಗೆ ಹಾಕಿದಳು.

ಕೊನೆಗೆ ನಾನು ಇಷ್ಟು ವರ್ಷ ಕಾಪಾಡಿಕೊಂಡ ಅಸ್ತ್ರ ತೆಗೆದೆ.

“ಚಿಗವ್ವ, ಸಣ್ಣಾಂವ ಇದ್ದಾಗ ನಾವಿಬ್ಬರೂ ಒಂದ ತಾಟಿನಾಗ ಉಣ್ತಿದ್ವಿ. ನೆನಪೈತಿಲ್ಲ? ಎಲ್ಲಾರದೂ ಆದ ಮ್ಯಾಲೆ? ಇವತ್ತೂ ಹಂಗ ಉಣ್ಣೂಣು.”

ಅವಳು ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿ ನೀರು ಬಸಿದಳು. “ಯಾವಾಗ?”

“ಹಳ್ಳ್ಯಾಗ. ಅಡಿಗಿಮನ್ಯಾಗ. ಕಡೀ ರೊಟ್ಟಿ, ಪುಂಡಿಪಲ್ಯ…”

“ನೀ ಬರತಿದ್ದಿ, ಖರೆ.” ಅವಳ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ; ಹವಾಮಾನ ಹೇಳುವವರ ದನಿ. “ಮೊದ್ಲ ಪಂಕ್ತ್ಯಾಗ ಉಂಡು, ಮತ್ತ ಬರತಿದ್ದಿ. ‘ಚಿಗವ್ವ, ನಿನ್ನ ತಾಟಿನಾಗ ರುಚಿ ಭಾಳ’ ಅಂತಿದ್ದಿ. ನಾ ಸರಿಸಿ ಕೊಡ್ತಿದ್ದೆ.”

“ಹಂಗಂದ್ರ ಇಬ್ಬರೂ ಉಂಡಂಗಾತಲ್ಲ.”

“ನೀ ಉಂಡಿ. ನಾ ನೋಡಿದೆ.”

ಶೈಲಾ ಬಟ್ಟಲಿನಿಂದ ತಲೆಯೆತ್ತಲಿಲ್ಲ.

“ಮತ್ತ ನೀ ಏನ ಉಣ್ತಿದ್ದಿ?” ಎಂದು ಕೇಳಿದೆ. ಕೇಳದೆ ಇರಬಹುದಾಗಿತ್ತು.

“ಅಂಬಲಿ ಇರತಿತ್ತಲ್ಲ. ಕುಡದು ಮಲಗಿದ್ರ ಆತು. ಪರರ ಹುಡುಗ ಅಲ್ಲ, ಅವ್ವನ ಬಿಟ್ಟು ಬಂದ ಕೂಸು. ಉಣ್ಣಲಿ ಬಿಡು ಅಂತ.” ಅಷ್ಟು ಹೇಳಿ ಇನ್ನೊಂದು ಅಣಬೆಯನ್ನು ನನ್ನ ಬಟ್ಟಲಿಗೆ ಹಾಕಿದಳು.

ಇಲ್ಲಿ ನನ್ನ ಮನಸ್ಸಿನಲ್ಲಿ ಏನಾಯಿತೆಂದು ಬರೆಯಬೇಕು, ಬರೆಯಲಾರೆ. ಒಂದು ವಿಷಯ ಮಾತ್ರ ಹೇಳುತ್ತೇನೆ. ಆ ತಾಟನ್ನು ನಾನು ಮತ್ತೆ ಮತ್ತೆ ನೆನೆದಿದ್ದೇನೆ. ಅದರ ಅಂಚಿನ ನೆಗ್ಗು ಗೊತ್ತು, ಹಿಂಡಿಯ ಖಾರ ಗೊತ್ತು. ಅದರ ಮೇಲೆ ಅವಳ ಕೈ ಮಾತ್ರ ನನಗೆ ಯಾವತ್ತೂ ಕಂಡಿರಲಿಲ್ಲ. ಕಂಡಿಲ್ಲ ಎಂಬುದನ್ನೂ ಇಷ್ಟು ದಿನ ಗಮನಿಸಿರಲಿಲ್ಲ. ಇನ್ನೊಬ್ಬರ ನೆನಪಿನ ಸುಳ್ಳು ಹಿಡಿಯುವುದರಲ್ಲಿ ನನ್ನಷ್ಟು ಚುರುಕಾದವರು ತಾಲೂಕಿನಲ್ಲಿ ಇಲ್ಲ.

“ಅವ್ವ, ಬೆವರಾಕತ್ತಿ ನೀ,” ಎಂದಳು ಶೈಲಾ.

ಫ್ಯಾನಿನ ಕೆಳಗೆ ಕೂತ ಚಿಗವ್ವನ ಹಣೆಯ ಮೇಲೆ, ಹಳೆಯ ಗಾಯದ ಪಟ್ಟಿಯ ಸುತ್ತ ಬೆವರು ಕೂತಿತ್ತು. ಸೌಟಿನಲ್ಲಿದ್ದ ಅಣಬೆ ಬಟ್ಟಲು ತಪ್ಪಿ ಟೇಬಲ್ಲಿನ ಮೇಲೆ ಬಿತ್ತು. ಒಂದು ಮೂವತ್ತೈದು. ಶೈಲಾ ಪರ್ಸಿನಿಂದ ಸಕ್ಕರೆಯ ಪೊಟ್ಟಣ ತೆಗೆದಳು. “ಬಾಯಿ ತಗಿ.”

ಚಿಗವ್ವ ತುಟಿ ಬಿಗಿದು ತಲೆಯಾಡಿಸಿದಳು.

“ಸಕ್ಕರಿ ಅವ್ವ. ಔಷಧ ಅನ್ಕೋ.”

“ಆಮ್ಯಾಲೆ ತಿಂತೇನಿ.”

“ಆಮ್ಯಾಲೆ ಅಂದ್ರ ಯಾವಾಗ? ಬಿದ್ದ ಮ್ಯಾಲೇನ?” ಶೈಲಾಳ ದನಿ ಒಡೆಯಿತು. ಡೋಲ್ಮಾ ಬಾಗಿಲ ಹತ್ತಿರ ನಿಂತುಬಿಟ್ಟಳು. ನಾನು ಎದ್ದು ಚಿಗವ್ವನ ಕೈಯಿಂದ ಸೌಟು ಕಸಿದೆ. ಅವಳು ಬದಿಗಿದ್ದ ಇನ್ನೊಂದನ್ನು ಎತ್ತಿಕೊಂಡಳು. ಕಸಿದದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಸೆಗೆ ತುರುಕಿದೆ. ಸಾರು ತೊಡೆಯ ಮೇಲೆ ಇಳಿಯಿತು.

“ಯಾಕ ಚಿಗವ್ವ? ಯಾಕ ತಿನ್ನವಲ್ಲಿ?”

ಅವಳು ನನ್ನನ್ನು ನೋಡಲಿಲ್ಲ. ಪಾತ್ರೆಯ ಕೆಳಗೆ ನೋಡಿದಳು. ನಾಚಿಕೆಯಾದವಳ ಹಾಗೆ, ಬಹಳ ಮೆಲ್ಲಗೆ ಹೇಳಿದಳು.

“ಒಲಿ ಉರಿಯಾಕತ್ತೈತಲ್ಲೊ.”

ನನಗೆ ಅರ್ಥವಾಗಲಿಲ್ಲ. ಶೈಲಾಳಿಗೂ.

“ಒಲಿ ಮುಂದ ಕುಂತಾಕಿ ಉರಿ ಇರೂತನಾ ಬಾಯಿ ಆಡಸಬಾರದು. ನಿಮ್ಮ ಅಜ್ಜಿ ಹೇಳಿದ್ದು. ಹೊಸದಾಗಿ ಬಂದಾಗ ಒಂದು ರೊಟ್ಟಿ ಚೂರು ಬಾಯಾಗ ಹಾಕ್ಕೊಂಡಿದ್ದೆ, ಹಸಿವಿ ತಡೀಲಿಲ್ಲ. ನೋಡಿದ್ಲು. ‘ಮಾಡಾಕಿ ಉರಿ ಮುಂದ ತಿಂದ್ರ ಒಲಿಗೆ ಹಸಿವಿ ಹತ್ತತೈತಿ. ಆಮ್ಯಾಲೆ ಮನಿ ಮಂದಿ ಉಂಡಿದ್ದು ಮೈಗೆ ಹತ್ತಂಗಿಲ್ಲ’ ಅಂದ್ಲು. ಕಟ್ಟಿಗಿ ಹಿಂದಕ್ಕ ಎಳದು, ನೀರು ಚಿಮುಕಿಸಿ, ಆಮ್ಯಾಲೆ ಉಣ್ಣಬೇಕು.” ಅವಳು ಉಸಿರು ತೆಗೆದುಕೊಂಡಳು. “ಮನ್ಯಾಗ ಕಡಿಯವರದು ಆದ ಮ್ಯಾಲೆ ಗ್ಯಾಸ್ ಆರಿಸಿ ಉಣ್ತೇನಿ. ಇಲ್ಲಿ ಈ ಒಲಿ ಆರೂದ ಇಲ್ಲಲ್ಲ. ನಡುವ ಇಟ್ಟಾರ.”

ಇದನ್ನು ನಗುವವರು ನಗಬಹುದು. ನನಗೂ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಇಡೀ ಭೂಮಿಯ ಮೇಲೆ ಚಿಗವ್ವ ಉಣ್ಣಲಾಗದ ಊಟ ಒಂದಿದ್ದರೆ ಅದು ಒಲೆಯನ್ನು ಟೇಬಲ್ಲಿನ ನಡುವೆ ಇಟ್ಟು, ಊಟ ಮುಗಿಯುವವರೆಗೂ ಉರಿಸುವ ಈ ಊಟ. ಅದನ್ನೇ ಹುಡುಕಿ ಆರಿಸಿ, ಜುಬ್ಬಾ ಇಸ್ತ್ರಿ ಮಾಡಿಸಿಕೊಂಡು ಬಂದು, ಅವಳನ್ನು ಅದರ ಮುಂದೆ ಕೂರಿಸಿದ್ದೆ. ಗುಳಿಗೆ ನುಂಗಿಸಿ.

ಶೈಲಾ ಸಕ್ಕರೆಯ ಪೊಟ್ಟಣ ಹಿಡಿದುಕೊಂಡೇ ಇದ್ದಳು. “ನಂಗ ಯಾಕ ಹೇಳಲಿಲ್ಲ ಇದನ್ನ? ನಾ ದಿನಾ ಒಲಿ ಮುಂದ ನಿಂತು ತಿಂತೇನಿ. ಚಪಾತಿ ಮಾಡತ ಮಾಡತ ಒಂದು ಸುತ್ತಿ ಬಾಯಿಗಿ ಹಾಕ್ಕೋತೇನಿ. ನೀ ಎದುರಿಗೇ ಇರತಿ. ಒಮ್ಮೆನೂ ಬ್ಯಾಡ ಅಂದಿಲ್ಲ.”

“ನಿಂಗ ಯಾಕ ಹೇಳಲಿ?” ಎಂದಳು ಚಿಗವ್ವ. “ಹೇಳಿದ್ರ ನೀನೂ ಕಾಯ್ತಿದ್ದಿ. ನಂದು ನನ್ನ ಜೋಡೀನ ಹೋಗಲಿ ಅಂತ ಬಿಟ್ಟೆ.”

ಶೈಲಾ ಪೊಟ್ಟಣ ಹರಿದು ಸಕ್ಕರೆಯನ್ನು ಅಂಗೈಗೆ ಸುರಿದುಕೊಂಡಳು.

ನಾನು ಬಗ್ಗಿ ಒಲೆಯ ಕಿವಿ ತಿರುವಿದೆ. ನೀಲಿ ಉರಿ ಒಮ್ಮೆ ಮೇಲೆದ್ದು ಹೋಯಿತು. ಪಾತ್ರೆಯ ಕುದಿ ಸುತ್ತಲಿನಿಂದ ನಡುವಿಗೆ ಸರಿದು, ನಾಲ್ಕು ಗುಳ್ಳೆ ಬಂದು, ನಿಂತಿತು. ಹೋಟೆಲು ಇದ್ದಕ್ಕಿದ್ದಂತೆ ಬಹಳ ಸುಮ್ಮನಾದಂತೆ ನನಗೆ ನೆನಪು. ಪಕ್ಕದ ಟೇಬಲ್ಲಿನ ಒಲೆ ಉರಿಯುತ್ತಲೇ ಇತ್ತು, ಲಾಮಾಗಳು ಶ್ಯಾವಿಗೆ ಸುರಿಯುತ್ತಲೇ ಇದ್ದರು, ಹೀಗಾಗಿ ಸುಮ್ಮನಾಗಿರಲಿಕ್ಕಿಲ್ಲ.

ಚಿಗವ್ವ ನೀರಿನ ಲೋಟಕ್ಕೆ ಮೂರು ಬೆರಳು ಅದ್ದಿ ಒಲೆಯ ಬಿಸಿ ಅಂಚಿಗೆ ಚಿಮುಕಿಸಿದಳು. ಒಂದು ಸಲ. ಎರಡು. ಮೂರು. ಚುಂಯ್ ಎಂದಿತು. ಡೋಲ್ಮಾ ಓಡಿ ಬಂದಳು.

“ಗ್ಯಾಸ್ ಮುಗೀತೇನ್ರಿ? ಬ್ಯಾರೆ ಡಬ್ಬಿ ತರಲೇನು?”

“ಬ್ಯಾಡ್ರಿ,” ಎಂದಳು ಶೈಲಾ. “ಇರಲಿ.”

“ಆಲೂಗಡ್ಡಿ ಇನ್ನೂ ಹಸಿ ಅದಾವ್ರಿ ಒಳಗ. ಈಗ ಹಾಕಿದ್ರು ಅಜ್ಜಿ.”

“ಇರಲಿ ಬಿಡ್ರಿ.”

ಚಿಗವ್ವ ಬಾಯಿ ತೆರೆದಳು. ಶೈಲಾ ಸಕ್ಕರೆ ಹಾಕಿದಳು. ಆಮೇಲೆ ಚಿಗವ್ವ ತನ್ನ ಬಟ್ಟಲನ್ನು ಎಳೆದುಕೊಂಡು, ಸಾರಿನಿಂದ ಶ್ಯಾವಿಗೆ, ಸೊಪ್ಪು, ಎರಡು ಅಣಬೆ ತೆಗೆದುಕೊಂಡಳು. ಕಡ್ಡಿ, ಚಮಚ ಎರಡನ್ನೂ ಬಿಟ್ಟು ಬೆರಳಿನಿಂದ ಒಂದು ತುತ್ತು. ನಿಧಾನವಾಗಿ ಅಗಿದಳು. ಎರಡನೆಯ ತುತ್ತು. ಮೂರನೆಯದಕ್ಕೆ ಕೆಂಪು ಚಟ್ನಿ ಹಚ್ಚಿಕೊಂಡಳು. ಹಣೆಯ ಬೆವರು ಯಾವಾಗ ಆರಿತೆಂದು ನಾನು ನೋಡಲಿಲ್ಲ. ಶೈಲಾ ನೋಡುತ್ತಿದ್ದಳು, ನಾಡಿಯ ಮೇಲೆ ಬೆರಳಿಟ್ಟುಕೊಂಡು.

ಶೈಲಾ ಮೊನ್ನೆ ಫೋನಿನಲ್ಲಿ ಹೇಳಿದ್ದು: ಈಗ ಮನೆಯಲ್ಲಿ ಗಡಿಯಾರಕ್ಕೆ ಒಂದು ಗಂಟೆಯಾದರೆ ಯಾರಿದ್ದರೂ ಅವರು ಗ್ಯಾಸು ಆರಿಸುವುದು ಎಂದು ನಿಯಮ. ಅವಳು ಶಾಲೆಯಲ್ಲಿದ್ದರೆ ಗಂಡ. ಚಿಗವ್ವ ಬೈಯುತ್ತಾಳೆ, ಮೊಮ್ಮಗನಿಗೆ ಆರಿದ ರೊಟ್ಟಿ ಎಂದು ಗೊಣಗುತ್ತಾಳೆ, ಬೆರಳು ಅದ್ದಿ ನೀರು ಚಿಮುಕಿಸುತ್ತಾಳೆ, ಕೂತು ಉಣ್ಣುತ್ತಾಳೆ. ಒಂದೆರಡು ದಿನ ತಪ್ಪಿದೆಯಂತೆ. ಇಷ್ಟು ವರ್ಷದ ಅಭ್ಯಾಸ ಒಂದು ಊಟದಲ್ಲಿ ಹೋಯಿತು ಎಂದು ನಾನು ಬರೆದರೆ ನೀವು ನಂಬಬಾರದು. ಸೌಟನ್ನು ಡೋಲ್ಮಾಗೆ ಹಿಂದಿರುಗಿಸಬೇಕು. ಸದ್ಯಕ್ಕೆ ಅದು ನನ್ನ ಟೇಬಲ್ಲಿನ ಮೇಲೆ, ಪೆನ್ನುಗಳ ಡಬ್ಬಿಯಲ್ಲಿದೆ.

ಆದರೆ ಆ ಮಧ್ಯಾಹ್ನ, ಆರಿದ ಒಲೆಯ ಸುತ್ತ ನಾವು ಮೂವರು. ಚಿಗವ್ವ ಉಣ್ಣುತ್ತಿದ್ದಳು. ನಾನು ಬಟ್ಟಲು ಮುಟ್ಟದೆ ಅವಳ ಕೈಯನ್ನು ನೋಡುತ್ತಿದ್ದೆ. ಬಟ್ಟಲಿನ ಮೇಲೆ ಹೋಗಿ ಬರುತ್ತಿದ್ದ ಕೈ. ಹಂಚಿನ ಬಿಸಿ ತಾಗಿ ತಾಗಿ ತುದಿಯಲ್ಲಿ ರೇಖೆಯೇ ಉಳಿಯದ ಬೆರಳುಗಳು. ನೆನಪಿನ ಆ ತಾಟಿನ ಮೇಲೆ ಈ ಕೈಯನ್ನು ಇಡಬೇಕಿತ್ತು ನಾನು. ನಾನು ನೋಡುತ್ತಿರುವುದು ಅವಳಿಗೆ ಗೊತ್ತಾಯಿತು.

“ಏನ ನೋಡಾಕತ್ತಿ? ನೋಡೂದು ಸಾಕು. ಉಣ್ಣು.”

ಪಾತ್ರೆಯಿಂದ ಆಲೂಗಡ್ಡೆಯ ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡೆ. ಅವರಿಬ್ಬರೂ ಒಂದೊಂದು ತೆಗೆದುಕೊಂಡರು. ಈ ಬರಹದಲ್ಲಿ ಬೇರೆ ಯಾವುದಕ್ಕೂ ನಾನು ಸಾಕ್ಷಿ ಹೇಳಲಾರೆ. ಶೈಲಾ ಓದಿದರೆ ಅರ್ಧ ತಿದ್ದುತ್ತಾಳೆ. ಇದೊಂದನ್ನು ಹಲ್ಲು ಮುಟ್ಟಿ ಹೇಳುತ್ತೇನೆ. ಆಲೂಗಡ್ಡೆ ಹಸಿಯಾಗಿತ್ತು. ಮೂವರೂ ಅದನ್ನೇ ಅಗಿಯುತ್ತಿದ್ದೆವು.